ಹದಿನೇಳನೆಯ ಹಲ್ಲು

ಸೋಮವಾರ ಸಂಜೆಯ ಆಟದಲ್ಲಿ ಭಕ್ತನು ಕೈ ಜೋಡಿಸಿಕೊಂಡು ದೇವರನ್ನು ಕರೆಯುತ್ತಿದ್ದಾಗ, ದೇವರು ಬರುವ ಮೊದಲೇ ನನ್ನ ಯಂತ್ರದಿಂದ ಕಟಕ್ ಎಂಬ ಸದ್ದು ಬಂತು. ಇನ್ನೊಂದು ಕಟಕ್. ಪರದೆಯ ಮೇಲೆ ಭಕ್ತ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟ. ಆ ಕಾಲದ ಫಿಲಂ ಓಡುತ್ತಿದ್ದರೆ ಸರಿ, ಒಂದು ಕಡೆ ನಿಂತರೆ ದೀಪದ ಕಾವಿಗೆ ಹೊತ್ತಿಕೊಂಡು ಡೇರೆಯನ್ನೇ ಸುಡುತ್ತಿತ್ತು. ವರ್ಷಗಟ್ಟಲೆ ದಿನಾ ಎರಡು ಹೊತ್ತು ಹೆದರಿಕೊಂಡು ಅಭ್ಯಾಸವಾಗಿದ್ದರಿಂದ, ನಿಜವಾಗಿ ಆ ಗಳಿಗೆ ಬಂದಾಗ ನನ್ನ ಕೈ ತಾನಾಗಿ ಹೋಗಿ ದೀಪದ ಮುಚ್ಚಳ ಇಳಿಸಿತು. ಫಿಲಂ ಉಳಿಯಿತು. ಕತ್ತಲಲ್ಲಿ ಮುಳಬಾಗಿಲಿನ ಜನ ಸಿಳ್ಳೆ ಹಾಕತೊಡಗಿದರು.

ಯುದ್ಧ ನಡೆಯುತ್ತಿದ್ದ ಕಾಲ ಅದು. ನಾನೊಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರು. ನಮ್ಮ ಸಾಹುಕಾರರು ಗೌನಿಪಲ್ಲಿ ಕಡೆಯವರು. ಮಾವಿನ ತೋಪಿನ ಮನೆತನ, ಕನ್ನಡವನ್ನೂ ತೆಲುಗಿನ ರಾಗದಲ್ಲೇ ಆಡುತ್ತಿದ್ದರು. ಅವರು ಲಾಟೀನು ಹಿಡಿದು ಕ್ಯಾಬಿನ್ನಿಗೆ ಬಂದರು.

"ಏಮಯ್ಯಾ ಆಪ್ರೇಟ್ರೇ, ದೇವ್ರು ಯಾವಾಗ ಬರ್ತಾನೆ?"

"ಇವತ್ತು ಬರಲ್ಲ ಸಾವ್ಕಾರ್ರೇ. ಹಲ್ಲು ಮುರಿದಿದೆ."

"ಯಾರ್ದು?"

ಮೋಟಾರಿನ ಸ್ಪ್ರಾಕೆಟ್ಟಿನದು. ಸ್ಪ್ರಾಕೆಟ್ ಎಂದರೆ ಹಲ್ಲಿರುವ ಚಕ್ರ. ಗಡಿಯಾರದ ಒಳಗಿನ ಚಕ್ರಗಳಿಗೂ ಹಲ್ಲಿರುತ್ತವೆ, ಆದರೆ ಅಲ್ಲಿ ಹಲ್ಲು ಹಲ್ಲನ್ನೇ ತಳ್ಳುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಹಿಡಿಯುವುದು ತೆರಪನ್ನು. ಸೈಕಲ್ಲಿನಲ್ಲಿ ಚೈನಿನ ಕೊಂಡಿಯ ತೆರಪು. ಸಿನಿಮಾ ಯಂತ್ರದ ಹೊಟ್ಟೆಯೊಳಗೆ ಫಿಲಮ್ಮಿನ ಅಂಚಿನ ತೂತು. ಅಲ್ಲಿ ಚಿಕ್ಕಚಿಕ್ಕ ಸ್ಪ್ರಾಕೆಟ್ಟುಗಳು ಫಿಲಮ್ಮನ್ನು ತೂತು ತೂತಿಗೂ ಹಿಡಿದು ಮೇಲಿಂದ ಕೆಳಕ್ಕೆ ಎಳೆಯುತ್ತವೆ. ಅವನ್ನೆಲ್ಲ ತಿರುಗಿಸಲು ಹೊರಗೆ ಒಂದು ಮೋಟಾರು, ಮೋಟಾರಿನ ದಂಡಕ್ಕೆ ಹದಿನಾರು ಹಲ್ಲಿನ ಚಿಕ್ಕ ಚಕ್ರ, ಯಂತ್ರದ ದಂಡಕ್ಕೆ ಮೂವತ್ತೆರಡು ಹಲ್ಲಿನ ದೊಡ್ಡ ಚಕ್ರ, ನಡುವೆ ಚೈನು. ಚಿಕ್ಕದು ಎರಡು ಸುತ್ತು ಬಂದರೆ ದೊಡ್ಡದು ಒಂದು ಸುತ್ತು. ಬೆಲ್ಟು ಜಾರಬಹುದು, ಹಗ್ಗ ಜಾರಬಹುದು, ಇದು ಜಾರುವುದಿಲ್ಲ. ಲೋಕದಲ್ಲಿ ಇಷ್ಟು ಖಾತ್ರಿಯ ವಸ್ತು ಇನ್ನೊಂದಿಲ್ಲವೆಂದು ನಾನು ನಂಬಿದ್ದೆ.

ಆ ಖಾತ್ರಿಯ ವಸ್ತುವನ್ನು ಕೆಡಿಸಿದವನು ನಾನೇ. ಚೈನು ಸ್ವಲ್ಪ ಜೋಲಬೇಕು. ಕೆಳಗಿನ ಎಳೆಯನ್ನು ಒತ್ತಿದರೆ ಅರ್ಧ ಬೆರಳಷ್ಟು ತಗ್ಗಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಬೇರೆಯವರಿಗೂ ಹೇಳಿಕೊಡುತ್ತಿದ್ದೆ. ಆದರೆ ಜೋಲುವ ಚೈನನ್ನು ಕಣ್ಣಾರೆ ನೋಡಿದಾಗ ಸುಮ್ಮನಿರಲಾಗುತ್ತಿರಲಿಲ್ಲ. ಆಟದ ನಡುವೆ ಕಳಚಿಕೊಂಡರೆ? ಕಳಚಿ ಯಾರ ಮೇಲಾದರೂ ಬಿದ್ದರೆ? ಬಿದ್ದವರು ಪೊಲೀಸ್ ದಫೇದಾರರಾಗಿದ್ದರೆ? ಹೀಗೆ ದಿನಾ ಆಟಕ್ಕೆ ಮುಂಚೆ ಸ್ಪ್ಯಾನರು ಹಿಡಿದು ಮೋಟಾರನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತಿದ್ದೆ. ತಿಂಗಳುಗಳು ಕಳೆಯುವಷ್ಟರಲ್ಲಿ ಚೈನು ತಂಬೂರಿಯ ತಂತಿಯಂತಾಗಿ, ಹಲ್ಲುಗಳು ಸವೆದು ಕೊಕ್ಕೆಗಳಾಗಿ, ಈಗ ಮೂರು ಹಲ್ಲು ಬುಡದಲ್ಲೇ ಕಿತ್ತುಹೋಗಿದ್ದವು.

"ಹಳೇದಾಗಿತ್ತು, ಸವೆದಿತ್ತು," ಎಂದೆ ಸಾಹುಕಾರರಿಗೆ. ಸುಳ್ಳಲ್ಲ, ನಿಜದ ಒಂದು ಭಾಗ ಮಾತ್ರ.

"ಹೊಸಾದು ತರ್ಸು."

"ಯಂತ್ರ ಜರ್ಮನಿದು ಸಾವ್ಕಾರ್ರೇ. ಅಲ್ಲಿಗೆ ಕಾಗದ ಬರೆದ್ರೆ ಸಾಮಾನು ಬರಲ್ಲ, ಪೊಲೀಸ್ರು ಬರ್ತಾರೆ."

ಮರುದಿನ ಬೆಳಿಗ್ಗೆ ಡೇರೆಯ ಮುಂದೆ ಒಬ್ಬರು ಹೆಜ್ಜೆ ಎಣಿಸುತ್ತ ಓಡಾಡುತ್ತಿದ್ದರು. ಒಂದು ನಾಟಕ ಕಂಪನಿಯ ಮ್ಯಾನೇಜರು. ಅವರ ಕಂಪನಿ ಆ ಬಯಲಿಗಾಗಿ ಎಷ್ಟೋ ದಿನದಿಂದ ಕಾಯುತ್ತಿತ್ತು. "ನೀವು ನಿಮ್ಮ ಕೆಲಸ ನೋಡ್ಕಳಿ, ನಾನ್ ಸುಮ್ನೆ ಸ್ಟೇಜು ಎಲ್ಲಿ ಬತ್ತದೆ ಅಂತ ನೋಡ್ತಿದೀನಿ," ಎಂದರು ಬಹಳ ಮರ್ಯಾದೆಯಿಂದ. ಆಗಲೇ ಬಯಲಿನ ಪರವಾನಗಿ ಕೊಡುವ ತಾಲ್ಲೂಕಿನ ಅಮಲ್ದಾರರ ಬಳಿ ಹೋಗಿಬಂದಿದ್ದರು. ಮಧ್ಯಾಹ್ನ ಅಮಲ್ದಾರರ ಜವಾನ ಬಂದು ಹೇಳಿದ: ಶನಿವಾರದೊಳಗೆ ಆಟ ಶುರುವಾಗದಿದ್ದರೆ ಬಯಲು ನಾಟಕದವರಿಗೆ. ಸಾಹುಕಾರರು ನನ್ನ ಮುಖ ನೋಡಿದರು. ಬಯಲು ಹೋದರೆ ಮುಂದಿನ ಊರಿಗೆ ಒಯ್ಯಲು ಓಡುವ ಯಂತ್ರವಿಲ್ಲ. ಓಡದ ಯಂತ್ರಕ್ಕೆ ಆಪರೇಟರು ಏಕೆ? ಅವರು ಹಾಗೆನ್ನಲಿಲ್ಲ. ನಾನೇ ಅವರ ಪರವಾಗಿ ಅಂದುಕೊಂಡೆ.

ಮುರಿದ ಚಕ್ರವನ್ನೂ ಒಂದು ಗೇಣು ಚೈನಿನ ತುಂಡನ್ನೂ ಚೀಲಕ್ಕೆ ಹಾಕಿಕೊಂಡು ಕೋಲಾರಕ್ಕೆ ಹೊರಟೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ದಿನಗಳು. ಬಸ್ಸಿನ ಬೆನ್ನಿಗೆ ಒಂದು ಉರಿಯುವ ಪೀಪಾಯಿ, ದಿಣ್ಣೆ ಬಂದಲ್ಲಿ ಜನ ಇಳಿದು ತಳ್ಳುವುದು. ಕೋಲಾರದ ಸೈಕಲ್ ಅಂಗಡಿಯಲ್ಲಿ ಇದ್ದಬದ್ದ ಚಕ್ರಗಳನ್ನೆಲ್ಲ ನೆಲಕ್ಕೆ ಸುರಿಸಿ ನೋಡಿದೆ. ಸೈಕಲ್ ಚೈನಿನಲ್ಲಿ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಅರ್ಧ ಇಂಚು. ನಮ್ಮದರಲ್ಲಿ ಅದಕ್ಕಿಂತ ಕಡಿಮೆ. ಹಲ್ಲಿನ ಅಂತರ ಕೊಂಡಿಯ ಅಂತರಕ್ಕೆ ಸರಿಹೋಗದಿದ್ದರೆ ಮೊದಲನೆಯ ಹಲ್ಲು ಕೂರುತ್ತದೆ, ಎರಡನೆಯದು ಕಷ್ಟಪಟ್ಟು ಕೂರುತ್ತದೆ, ಮೂರನೆಯದು ಚೈನನ್ನೇ ಎತ್ತಿ ಒಗೆಯುತ್ತದೆ. ಹೊಸದಾಗಿ ಕಡೆಸೋಣವೆಂದರೆ ಲೇತು ಇದ್ದ ಕಡೆಯೆಲ್ಲ ಯುದ್ಧದ ಕೆಲಸ.

ಸೈಕಲ್ ಅಂಗಡಿಯವರೇ ದಾರಿ ತೋರಿಸಿದರು. "ಮಾಲೂರು ತಾಲ್ಲೂಕು, ಶಿವಾರಪಟ್ಟಣಕ್ಕೆ ಹೋಗಿ. ವಿಗ್ರಹ ಮಾಡೋರು. ಕಲ್ಲೂ ಮಾಡ್ತಾರೆ, ಎರಕಾನೂ ಹೊಯ್ತಾರೆ. ದೇವ್ರ ಕಾಲಿನ ಉಗುರು ತಪ್ಪಿಲ್ದಂಗೆ ತೆಗೀತಾರೆ, ನಿಮ್ಮ ಹಲ್ಲು ತೆಗೆಯಲ್ವಾ?"

ಬುಧವಾರ ಬೆಳಿಗ್ಗೆ ಶಿವಾರಪಟ್ಟಣದಲ್ಲಿದ್ದೆ. ಬೀದಿಯ ಎರಡೂ ಕಡೆ ಉಳಿಯ ಸದ್ದು, ಅಂಗಳಗಳಲ್ಲಿ ಸೊಂಟದವರೆಗೆ ಮಾತ್ರ ಹುಟ್ಟಿದ ದೇವರುಗಳು. ನನಗೆ ತೋರಿಸಿದ ಮನೆಯ ಆಚಾರ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಕೈ ಮಾತ್ರ ಮೂವತ್ತರದ್ದು. ಮುರಿದ ಚಕ್ರವನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ಹಲ್ಲಿನ ಬುಡಕ್ಕೆ ಉಗುರು ಹಾಕಿ ನೋಡಿದರು.

"ಇದನ್ನ ಬಿಗಿದು ಬಿಗಿದು ಸಾಯ್ಸವ್ರೆ."

"ಸವೆದಿದೆ, ಆಚಾರ್ರೇ. ಹಳೇದು."

"ಎಳೆಯೋ ಹಲ್ಲು ಒಂದ್ ಕಡೆ ಸವೀತದೆ. ಇದು ಬುಡದಾಗೂ ತಿಂದೈತೆ. ಎತ್ತಿಗೆ ಹಗ್ಗ ಕುತ್ಗೆ ಮುರಿಯೋ ಹಂಗೆ ಬಿಗಿದ್ರೆ ಹಿಂಗೇ ಆಗದು. ಯಾರಪ್ಪಾ ಅವ್ನು ಪುಣ್ಯಾತ್ಮ?"

ನಾನು ಕೆಮ್ಮಿದೆ. ಅವರು ಮತ್ತೆ ಕೇಳಲಿಲ್ಲ. ಕೇಳದೆ ಬಿಟ್ಟದ್ದು ನನಗೆ ಕೇಳಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು.

ಕಂಚಿನಲ್ಲಿ ಮಾಡಿಕೊಡುತ್ತೇನೆಂದರು. ದಾರ ಮತ್ತು ಕೈವಾರದಿಂದ ಹಲಗೆಯ ಮೇಲೆ ವೃತ್ತ ಎಳೆದು ಭಾಗ ಮಾಡಿದರು, ಮೇಣದಲ್ಲಿ ಚಕ್ರ ತಿದ್ದಿದರು, ಮಣ್ಣು ಮೆತ್ತಿದರು, ಒಣಗಿಸಿದರು, ಮೇಣ ಕರಗಿಸಿ ಹೊರಗೆ ಬಿಟ್ಟು ಆ ಪೊಳ್ಳಿಗೆ ಕಂಚು ಹೊಯ್ದರು. ಎರಡು ದಿನ ನಾನು ಅವರ ಜಗಲಿಯಲ್ಲೇ ಇದ್ದೆ. ಮೇಣ ಬಿಸಿಲಿಗೆ ಬಗ್ಗುವುದಿಲ್ಲವೇ, ಮಣ್ಣು ಬಿರಿಯುವುದಿಲ್ಲವೇ, ಕಂಚು ತಣ್ಣಗಾದಾಗ ಕುಗ್ಗುವುದಿಲ್ಲವೇ? ಮೊದಲ ಹತ್ತು ಪ್ರಶ್ನೆಗಳಿಗೆ ಆಚಾರ್ರು ಉತ್ತರ ಕೊಟ್ಟರು.

"ಆಪ್ರೇಟ್ರೇ, ಅಗೋ ಆ ನಂದಿ ಪಕ್ಕ ಹೋಗಿ ಕೂತ್ಕಳಿ. ಅದು ಮೂರ್ ತಿಂಗ್ಳಿಂದ ಕಾಯ್ತಾ ಐತೆ. ಒಂದ್ ಸಲಾನಾದ್ರೂ ಬಾಯಿ ಬಿಟ್ಟೈತಾ?"

ನಂದಿಯ ಪಕ್ಕದಲ್ಲಿ ಕೂತೆ.

ಶುಕ್ರವಾರ ಬೆಳಿಗ್ಗೆ ಅರದಿಂದ ಹಲ್ಲುಗಳನ್ನು ಉಜ್ಜಿ ಹದ ಮಾಡಿದರು. ಕೊನೆಯ ಹಲ್ಲಿಗೆ ಬಂದು ಅರ ಕೆಳಗಿಟ್ಟುಬಿಟ್ಟರು. ರಾಹುಕಾಲ. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಯುವಾಗ ಹೊತ್ತು ನೋಡುವಂತೆ, ಅವರು ಯಾವ ಕೆಲಸದ ಕೊನೆಯ ಪೆಟ್ಟನ್ನೂ ಕೆಟ್ಟ ಹೊತ್ತಿನಲ್ಲಿ ಹಾಕುತ್ತಿರಲಿಲ್ಲವಂತೆ. ಮಧ್ಯಾಹ್ನ ಹನ್ನೆರಡರವರೆಗೆ ಆ ಒಂದು ಹಲ್ಲನ್ನು ನಾನು ಕಣ್ಣು ಮಿಟುಕಿಸದೆ ನೋಡುತ್ತ ಕೂತೆ. ಕೈಗೆ ಬಂದ ಕೂಡಲೇ ಪರೀಕ್ಷೆ ಶುರುಮಾಡಿದೆ. ನಡುವಿನ ತೂತು ಸರಿ. ದಪ್ಪ ಸರಿ. ಚೈನಿನ ತುಂಡು ಹಾಕಿ ತಿರುಗಿಸಿದರೆ ಪ್ರತಿ ಕೊಂಡಿಯೂ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅಳತೆ ತುಸು ದೊಡ್ಡದು ಅನ್ನಿಸಿತು, ಹಳೆಯದು ಸವೆದಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಚಿಂತಿಸಬಹುದಾದ ಎಲ್ಲವನ್ನೂ ಚಿಂತಿಸಿದೆ. ಹಲ್ಲು ಎಷ್ಟಿವೆ ಎಂದು ಮಾತ್ರ ಎಣಿಸಲಿಲ್ಲ.

ಶನಿವಾರ ಸಂಜೆ ಡೇರೆ ತುಂಬಿತು. ಅಮಲ್ದಾರರು ತಾಯಿಯವರನ್ನು ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಹಿಂದೆ ನಾಟಕದ ಮ್ಯಾನೇಜರೂ ಟಿಕೀಟು ತೆಗೆದುಕೊಂಡು ಬಂದಿದ್ದರು. ಕಂಚಿನ ಚಕ್ರ ಸದ್ದಿಲ್ಲದೆ ತಿರುಗಿತು. ಭಕ್ತ ಆವತ್ತು ಸ್ವಲ್ಪ ಚುರುಕಾಗಿದ್ದಾನೆ ಅನ್ನಿಸಿತು. ಐದು ದಿನ ವಿಶ್ರಾಂತಿಯಾಗಿದೆಯಲ್ಲ, ಯಂತ್ರಕ್ಕೂ ಗೆಲುವು ಬಂದಿರಬೇಕು ಎಂದುಕೊಂಡೆ. ದೇವರು ಬಂದು ಭಕ್ತನನ್ನು ಎತ್ತಿಕೊಂಡು ಹೋದ. ಮಂಗಳವಾಯಿತು.

ಕ್ಯಾಬಿನ್ನಿನ ಬಾಗಿಲಿಗೆ ಮೊದಲು ಬಂದವರು ಊರಿನ ದೇವಸ್ಥಾನದ ನಾಗಸ್ವರದ ವಿದ್ವಾಂಸರು. ಆ ಚಿತ್ರವನ್ನು ಹಿಂದಿನ ವಾರವೂ ಎರಡು ಸಲ ನೋಡಿದ್ದರು.

"ಸ್ವಾಮಿ, ಭಕ್ತ ಹೋದ್ ವಾರ ಎರಡನೇ ಮನೆ ಶ್ರುತೀಲಿ ಹಾಡಿದ್ದ. ಇವತ್ತು ಎರಡೂವರೆ. ಮನುಷ್ಯ ವಯಸ್ಸಾದ್ರೆ ಶ್ರುತಿ ಇಳಿಸ್ತಾನೆ, ಇವನ್ಯಾಕೆ ಏರಿಸ್ದ?"

"ತಮ್ಮ ಕಿವಿಗೆ ಹಾಗೆ ಕೇಳಿಸಿರಬಹುದು," ಎಂದೆ.

"ನನ್ನ ಕಿವಿಗೆ?" ಎಂದು ಅವರು ನನ್ನನ್ನು ಸುಮ್ಮನೆ ನೋಡಿದ ರೀತಿ ಇನ್ನೂ ನೆನಪಿದೆ.

ಅಷ್ಟರಲ್ಲಿ ಹೊರಗೆ ಗಲಾಟೆ. ಆಟ ಬೇಗ ಮುಗಿಯಿತು, ನಡುವೆ ಕತ್ತರಿ ಹಾಕಿದ್ದಾರೆ ಎಂಬ ಮಾತು ಗುಂಪಿನಲ್ಲಿ ಹುಟ್ಟಿತು. ಯಾರು ಮೊದಲು ಅಂದರೋ ಗೊತ್ತಿಲ್ಲ, ಹಿಂದಿನ ಸಾಲಿನಲ್ಲಿ ಕೂತಿದ್ದವರು ಯಾರು ಎಂಬುದು ಮಾತ್ರ ನನಗೆ ಗೊತ್ತಿತ್ತು.

ಭಾನುವಾರ ನಾನು ದೋಷವನ್ನು ಇಂಜಿನ್ನಿನ ಮೇಲೆ ಹಾಕಿದೆ. ಡೇರೆಯ ಹಿಂದೆ ಒಂದು ಎಣ್ಣೆ ಇಂಜಿನ್ನು, ಅದಕ್ಕೆ ಡೈನಮೋ. ಅದರ ಕರೆಂಟಿನಿಂದಲೇ ನನ್ನ ಮೋಟಾರೂ ತಿರುಗಬೇಕು, ನನ್ನ ದೀಪವೂ ಉರಿಯಬೇಕು. ಮೋಟಾರಿಗೆ ಬೇರೆಯಾಗಿ ಇದ್ದ ರೆಗ್ಯುಲೇಟರು ಸುಟ್ಟುಹೋಗಿ ವರ್ಷವಾಗಿತ್ತು.

"ಭಾಯ್, ನಿಮ್ಮ ಇಂಜಿನ್ನು ಜೋರಾಗಿ ಓಡ್ತಿದೆ," ಎಂದೆ ಇಂಜಿನ್ ಡ್ರೈವರಿಗೆ.

"ಮೇರಾ ಇಂಜಿನ್?" ಎಂದರು ಅವರು, ಮಗಳ ನಡತೆಯ ಬಗ್ಗೆ ಮಾತಾಡಿದ ಹಾಗೆ. "ಆಪ್ರೇಟರ್ ಸಾಬ್, ಅದು ನಮಾಜಿನ ಹಾಗೆ ಟೈಮಿಗೆ ಸರಿಯಾಗಿ ಹೋಗೋ ಇಂಜಿನ್ನು. ನಿಮ್ ಯಂತ್ರದ್ದು ಏನೈತೋ ನೋಡ್ಕಳ್ಳಿ."

"ಒಂದು ಸ್ವಲ್ಪ ಇಳ್ಸಿ. ನನ್ನ ಸಮಾಧಾನಕ್ಕೆ."

ನನ್ನ ಸಮಾಧಾನಕ್ಕೆಂದು ಇಳಿಸಿದರು. ಭಕ್ತನ ಶ್ರುತಿ ಎರಡನೇ ಮನೆಗೆ ಬಂತು, ವಿದ್ವಾಂಸರು ತಲೆದೂಗಿದರು. ಆದರೆ ದೀಪ ಕಂದಿತು. ದೇವರು ಬಂದದ್ದು ಯಾರಿಗೂ ಕಾಣಿಸಲಿಲ್ಲ. ಮುಂದಿನ ಸಾಲಿನ ಒಬ್ಬ ಅಜ್ಜಿ "ಬಂದ್ನೇನೇ? ಬಂದ್ನಾ?" ಎಂದು ಪಕ್ಕದವರನ್ನು ಕೇಳುತ್ತಲೇ ಇದ್ದರು. ಇಂಜಿನ್ನು ಏರಿಸಿದರೆ ದೇವರು ಕಾಣಿಸಿದ, ಭಕ್ತ ಕಿರುಚಿದ. ಒಂದೇ ಆಟದಲ್ಲಿ ಮೂರು ಸಲ ಏರಿಸಿ ಇಳಿಸಿದೆವು, ಹಾಡು ಉಯ್ಯಾಲೆಯಾಡಿತು. ಕೊನೆಗೆ ಡ್ರೈವರು ಕೈಮುಗಿದು, "ಸಾಬ್, ನೀವು ಕಣ್ಣು ಹೇಳಿ, ಇಲ್ಲಾ ಕಿವಿ ಹೇಳಿ. ಎರಡೂ ನಮ್ ಹತ್ರ ಇಲ್ಲ," ಎಂದರು.

ಸೋಮವಾರ ಅಮಲ್ದಾರರು ಸಾಹುಕಾರರನ್ನೂ ನನ್ನನ್ನೂ ಕರೆಸಿದರು. ಮೇಜಿನ ಮೇಲೆ ಚಿತ್ರಕ್ಕೆ ಕತ್ತರಿ ಹಾಕಿದ್ದಾರೆಂಬ ಒಂದು ಅರ್ಜಿ, ಅರ್ಜಿಯ ಮೇಲೆ ಅವರ ಜೇಬುಗಡಿಯಾರ. ಓದಿಕೊಂಡವರು, ಲೆಕ್ಕದಲ್ಲಿ ಗಟ್ಟಿ.

"ಸರ್ಟಿಫಿಕೇಟಿನ ಪ್ರಕಾರ ಚಿತ್ರದ ಉದ್ದ ಹದಿನೈದು ಸಾವಿರದ ಮುನ್ನೂರು ಅಡಿ. ನಿಮಿಷಕ್ಕೆ ಎಷ್ಟು ಅಡಿ ಓಡ್ಬೇಕು, ಆಪರೇಟ್ರೇ?"

"ತೊಂಬತ್ತು, ಸ್ವಾಮಿ."

"ಅಂದ್ರೆ ನೂರ ಎಪ್ಪತ್ತು ನಿಮಿಷ. ರೀಲು ಬದಲಾಯ್ಸೋ ಹೊತ್ತೆಲ್ಲ ಕಳೆದು ನನ್ನ ಗಡಿಯಾರದಲ್ಲಿ ನೂರ ಅರವತ್ತು. ಹತ್ತು ನಿಮಿಷ ಎಲ್ಲಿ? ನಮ್ಮಮ್ಮ ಬೇರೆ, ದರ್ಶನ ಸಾಲ್ಲಿಲ್ಲ ಅಂತ ಎರಡು ದಿನದಿಂದ ಗೊಣಗ್ತಿದ್ದಾರೆ."

ಮುಂದಿನ ಶನಿವಾರ ಗಡಿಯಾರದೊಂದಿಗೆ ಬರುತ್ತೇನೆ, ಅಲ್ಲಿಯವರೆಗೆ ಆಟ ಬೇಡ, ಆಗಲೂ ಹೀಗೇ ಆದರೆ ಭಾನುವಾರ ಬೆಳಿಗ್ಗೆ ಡೇರೆ ಬಿಚ್ಚಿ, ಎಂದರು.

ಹೊರಗೆ ಬಂದ ಮೇಲೆ ಸಾಹುಕಾರರು ಬಹಳ ಮೆತ್ತಗೆ ಕೇಳಿದರು. "ನಿಜ ಹೇಳಯ್ಯಾ. ಕತ್ತರ್ಸಿದ್ದೀಯಾ?"

ಆ ಮೆತ್ತಗಿನ ಮಾತು ನನ್ನನ್ನು ನೇರ ಕ್ಯಾಬಿನ್ನಿಗೆ ಓಡಿಸಿತು. ರೀಲುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದೆ, ಒಂದಡಿಯೂ ಹೋಗಿರಲಿಲ್ಲ. ಹತ್ತು ನಿಮಿಷವನ್ನು ಹದಿನಾರು ಸಲ ಇಟ್ಟರೆ ನೂರ ಅರವತ್ತು, ಹದಿನೇಳು ಸಲ ಇಟ್ಟರೆ ನೂರ ಎಪ್ಪತ್ತು. ಹದಿನಾರು, ಹದಿನೇಳು ಎಂದು ಬಾಯಲ್ಲಿ ಗುನುಗುತ್ತ ಕೂತವನು ತಟ್ಟನೆ ಎದ್ದೆ. ಸೀಮೆಸುಣ್ಣ ತೆಗೆದುಕೊಂಡು ಕಂಚಿನ ಚಕ್ರದ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದೆ. ಹದಿನೇಳು. ಹಿಂದಿನಿಂದ ಎಣಿಸಿದೆ. ಹದಿನೇಳು. ಇಂಜಿನ್ ಡ್ರೈವರನ್ನು ಕರೆದು ಎಣಿಸಿಸಿದೆ. ಅವರು ಉರ್ದುವಿನಲ್ಲಿ ಎಣಿಸಿದರೂ ಹದಿನೇಳೇ ಬಂತು. ಮೋಟಾರು ಒಂದು ಸುತ್ತು ಬಂದಾಗ ಹದಿನಾರು ಕೊಂಡಿಯ ಬದಲು ಹದಿನೇಳು ಕೊಂಡಿ ಎಳೆಯುತ್ತಿತ್ತು. ಎಲ್ಲವೂ ಹದಿನಾರನೇ ಒಂದು ಪಾಲು ಜೋರು: ಭಕ್ತನ ನಡಿಗೆ, ಹಾಡು, ದೇವರ ದರ್ಶನ.

ಮಂಗಳವಾರ ಸಾಹುಕಾರರೂ ನನ್ನ ಜೊತೆ ಶಿವಾರಪಟ್ಟಣಕ್ಕೆ ಬಂದರು. ಆಚಾರ್ರು ನಂದಿಯ ಗಂಗೆದೊಗಲಿಗೆ ಉಳಿ ಹಿಡಿದಿದ್ದರು.

"ಆಚಾರ್ರೇ, ಒಂದು ಹಲ್ಲು ಜಾಸ್ತಿಯಾಗಿದೆ."

"ಜಾಸ್ತಿ ಆಗಿಲ್ಲ. ನಾನೇ ಹಾಕಿದ್ದೀನಿ," ಎಂದರು, ಉಳಿಯಿಂದ ಕಣ್ಣು ತೆಗೆಯದೆ. "ನಿಮ್ಮ ಹಳೇ ಚಕ್ರ ಕಾಕಯೋನಿದಾಗಿತ್ತು. ಅದ್ಕೇ ಮುರೀತು."

ನಮ್ಮ ಮುಖ ನೋಡಿ ಬಿಡಿಸಿ ಹೇಳಿದರು. ಅವರ ಮನೆತನದಲ್ಲಿ ಏನೇ ಮಾಡಿದರೂ ಯೋನಿಯ ಲೆಕ್ಕ ನೋಡಿಯೇ ಮಾಡುವುದು. ಅಳತೆಯನ್ನು ಮೂರರಿಂದ ಗುಣಿಸು, ಎಂಟರಿಂದ ಭಾಗಿಸು, ಉಳಿದದ್ದು ನೋಡು. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಆನೆ; ಇವು ನಾಲ್ಕೂ ಒಳ್ಳೆಯವು. ಎರಡು ಹೊಗೆ, ನಾಲ್ಕು ನಾಯಿ, ಆರು ಕತ್ತೆ. ಏನೂ ಉಳಿಯದಿದ್ದರೆ ಕಾಗೆ. ಹದಿನಾರು ಮೂರಲೆ ನಲವತ್ತೆಂಟು, ಎಂಟರಿಂದ ಭಾಗಿಸಿದರೆ ಸೊನ್ನೆ. ಹದಿನೇಳು ಮೂರಲೆ ಐವತ್ತೊಂದು, ಮೂರು ಉಳಿಯಿತು, ಸಿಂಹ.

"ಸಿಂಹ ಮಾಡ್ಕೊಟ್ಟಿದ್ದೀನಿ. ನೀವು ಕೇಳ್ದಿದ್ರೂ," ಎಂದರು.

ಸಾಹುಕಾರರಿಗೆ ಸಿಂಹ ಹಿಡಿಸಿಬಿಟ್ಟಿತು. "ಅಯ್ಯಾ, ಸಿಂಹಾನೇ ಇರ್ಲಿ. ದೊಡ್ಡ ಚಕ್ರಾನೂ ಅದಕ್ಕೆ ತಕ್ಕಂಗೆ ದೊಡ್ಡದು ಮಾಡ್ಸಿಬಿಟ್ರೆ?"

ಅದು ನಿಜವಾಗಿಯೂ ಒಳ್ಳೆಯ ಉಪಾಯ. ಚಿಕ್ಕದಕ್ಕೆ ಹದಿನೇಳಾದರೆ ದೊಡ್ಡದಕ್ಕೆ ಮೂವತ್ತನಾಲ್ಕು. ಮತ್ತೆ ಎರಡಕ್ಕೆ ಒಂದು. ಆಚಾರ್ರು ಬೆರಳು ಮಡಿಸಿದರು. "ನೂರ ಎರಡು. ಆರು ಉಳೀತು. ಕತ್ತೆ. ಮಾಡಲ್ಲ."

ನಾನು ಹದಿನೈದಕ್ಕೆ ಮೂವತ್ತು ಅಂದೆ, ಹತ್ತೊಂಬತ್ತಕ್ಕೆ ಮೂವತ್ತೆಂಟು ಅಂದೆ, ಇನ್ನೂ ಏನೇನೋ ಅಂದೆ. ಹೊಗೆ, ಕತ್ತೆ, ನಾಯಿ, ಕಾಗೆ, ಇವುಗಳನ್ನು ಬಿಟ್ಟು ಬೇರೆ ಬರಲೇ ಇಲ್ಲ. ಆಮೇಲೆ ಹೊಳೆಯಿತು. ಯಾವುದೇ ಸಂಖ್ಯೆಯನ್ನು ಎರಡರಷ್ಟು ಮಾಡಿದರೆ ಸರಿಸಂಖ್ಯೆ; ಸರಿಸಂಖ್ಯೆಗೆ ಆಚಾರ್ರ ಶಾಸ್ತ್ರದಲ್ಲಿ ಒಳ್ಳೆಯ ಪ್ರಾಣಿಯೇ ಇಲ್ಲ. ನನ್ನ ಯಂತ್ರ ಜರ್ಮನಿಯಲ್ಲಿ ಹುಟ್ಟಿದ ದಿನವೇ ಶಿವಾರಪಟ್ಟಣದಲ್ಲಿ ತಿರಸ್ಕೃತವಾಗಿತ್ತು.

ಮುಂದೆಂದೋ ಬೆಂಗಳೂರಿನಲ್ಲಿ ಒಬ್ಬ ಇಂಜಿನಿಯರಿಗೆ ಈ ಕಥೆ ಹೇಳಿದಾಗ ಅವರು ನಗಲಿಲ್ಲ. ಚೈನಿನ ಕೊಂಡಿಗಳು ಸರಿಸಂಖ್ಯೆಯಲ್ಲಿ ಇರುವುದರಿಂದ ಚಿಕ್ಕ ಚಕ್ರಕ್ಕೆ ಬೆಸ ಹಲ್ಲೇ ಒಳ್ಳೆಯದಂತೆ. ಆಗ ಒಂದು ಹಲ್ಲಿಗೆ ಅದದೇ ಕೊಂಡಿಗಳು ಬಂದು ಬಡಿಯದೆ, ಸರದಿಯ ಮೇಲೆ ಎಲ್ಲ ಕೊಂಡಿಗಳೂ ಬರುತ್ತವೆ, ಸವೆತ ಹಂಚಿಹೋಗುತ್ತದೆ. "ನಿಮ್ಮ ಆಚಾರ್ರು ಸರಿಯಾಗಿಯೇ ಹೇಳಿದ್ದಾರೆ," ಎಂದರು. ಆದರೆ ಆ ಮಂಗಳವಾರ ನನಗೆ ಬೇಕಾಗಿದ್ದದ್ದು ಬಾಳಿಕೆಯಲ್ಲ, ಹತ್ತು ನಿಮಿಷ.

"ಆಚಾರ್ರೇ, ಹದಿನಾರೇ ಮಾಡ್ಕೊಡಿ," ಎಂದೆ. "ಕಾಗೆಯಾದ್ರೂ ಚಿಂತೆಯಿಲ್ಲ."

ಚಿಂತೆಯಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಸಾಹುಕಾರರು ತಿರುಗಿ ನೋಡಿದರು.

ಆಚಾರ್ರು ಉಳಿ ಕೆಳಗಿಟ್ಟರು. "ದೋಷ ಗೊತ್ತಿದ್ದೂ ಮಾಡೋದಾದ್ರೆ ಒಂದು ಕ್ರಮ ಐತೆ. ಮಾಡಿಸ್ಕೊಳ್ಳೋ ಯಜಮಾನ ಎಲೆ ಅಡಿಕೆ ಹಿಡಿದು, ನೀರು ಬಿಟ್ಟು, ಇದ್ರ ಫಲ ನನ್ನ ತಲೆ ಮೇಲೆ ಅಂತ ಹೇಳ್ಬೇಕು. ಆಗ ನನ್ನ ಕೈಗೆ ಅಂಟಲ್ಲ."

ಯಜಮಾನರೆಂದರೆ ನಮ್ಮ ಸಾಹುಕಾರರು. ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನಂಗೆ ತೋಪಿದೆ ಆಚಾರ್ರೇ. ಮಾವು ಹೂ ಬಿಡೋ ಕಾಲ."

ನಾನು ಕೇಳಿದೆ. "ಕಾಕಯೋನಿಯ ಫಲ ಏನು?"

"ಭಾರಿ ಕೆಟ್ಟದ್ದು. ಒಂದ್ ಕಡೆ ನಿಲ್ಲೋಕೆ ಬಿಡಲ್ಲ, ಕಾಗೆ ಹಂಗೆ ಊರಿಂದೂರಿಗೆ ಅಲಿಸ್ತದೆ. ಕಂಡೋರ ಊರಾಗೆ ಅನ್ನ. ಮನಸ್ಸಿಗೆ ನೆಮ್ಮದಿ ಇರಲ್ಲ, ರಾತ್ರಿ ನಿದ್ದೆ ಹತ್ತಲ್ಲ, ಏನೋ ಆಗೋತದೆ ಏನೋ ಆಗೋತದೆ ಅಂತ ಬೆದರು."

"ಮತ್ತೆ?"

"ಮತ್ತೇನು? ಇಷ್ಟು ಸಾಲ್ದಾ?"

ಶ್ರೀನಿವಾಸಪುರದಲ್ಲಿ ಎರಡು ತಿಂಗಳು, ಮಾಲೂರಿನಲ್ಲಿ ಒಂದು, ಜಾತಕದಲ್ಲಿ ಬರೆದಂತೆ ಡೇರೆಯ ಹಿಂದೆ ಅಲೆಯುತ್ತ, ನಿದ್ದೆಯಲ್ಲೂ ಚೈನು ಒತ್ತಿ ನೋಡುತ್ತಿದ್ದ ನನಗೆ ಆ ಶಾಪ ಮನೆಯ ವಿಳಾಸದಂತೆ ಕೇಳಿಸಿತು. "ಎಲೆ ಅಡಿಕೆ ಕೊಡಿ, ನಾನು ಹಿಡೀತೀನಿ," ಎಂದೆ. "ಯಂತ್ರದ ಮಟ್ಟಿಗೆ ನಾನೇ ಯಜಮಾನ."

ಅಂಗೈಯಲ್ಲಿ ಎಲೆ, ಎಲೆಯ ಮೇಲೆ ನೀರು. ಫಲ ನನ್ನ ತಲೆಯ ಮೇಲೆ ಎಂದು ಹೇಳಿ ನೀರು ಬಿಟ್ಟೆ. ಸಾಹುಕಾರರ ಕಣ್ಣು ಒದ್ದೆಯಾಗಿತ್ತು. ಆಚಾರ್ರು ಮಾತ್ರ ನನ್ನನ್ನು, ಆಮೇಲೆ ಜಗಲಿಯ ಮೇಲಿದ್ದ ಹಳೆಯ ಮುರಿದ ಚಕ್ರವನ್ನು ಒಂದು ಸಲ ನೋಡಿ, ಮೇಣದ ಡಬ್ಬಿಗೆ ಕೈ ಹಾಕಿದರು.

ಹಿಂದಿರುಗುವಾಗ ದಿಣ್ಣೆಯಲ್ಲಿ ಎಲ್ಲರೂ ಇಳಿದು ಬಸ್ಸು ತಳ್ಳುತ್ತಿದ್ದೆವು. ಪಕ್ಕದಲ್ಲಿ ತಳ್ಳುತ್ತಿದ್ದ ಸಾಹುಕಾರರು, "ನನ್ನ ತಲೆ ಮೇಲಿಂದು ನೀನ್ ಹೊತ್ಕೊಂಡೆ ಕದಯ್ಯಾ. ಸೊಂತ ತಮ್ಮನೂ ಮಾಡಲ್ಲ," ಎಂದರು. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಬಸ್ಸಿಗೆ ಹೆಗಲು ಕೊಟ್ಟುಕೊಂಡೇ ಹೇಳಿಬಿಟ್ಟೆ: ಚಕ್ರ ಹಳೆಯದಾಗಿ ಮುರಿದದ್ದಲ್ಲ, ನಾನು ದಿನಾ ಚೈನು ಬಿಗಿದು ಮುರಿದದ್ದು.

"ಗೊತ್ತು," ಎಂದರು ಅವರು, ಏದುಸಿರಿನಲ್ಲಿ.

"ಗೊತ್ತಾ?"

"ದಿನಾ ಸ್ಪ್ಯಾನರ್ ಹಿಡ್ಕೊಂಡು ಹೋಗೋದು ನೋಡ್ತಿದ್ದೆ. ನಿಂಗೆ ಬೇಡ ಅಂದ್ರೆ ಅದು ಬಿಟ್ಟು ಇನ್ನೊಂದು ಬಿಗೀತೀಯ. ಚೈನಾದ್ರೆ ಒಂದೇ ಕದಾ ಅಂತ ಸುಮ್ನಿದ್ದೆ. ತಳ್ಳಯ್ಯಾ, ತಳ್ಳು."

ಶುಕ್ರವಾರ ಮತ್ತೆ ಶಿವಾರಪಟ್ಟಣಕ್ಕೆ ಹೋದೆ, ಹದಿನಾರು ಹಲ್ಲಿನ ಚಕ್ರ ಕೈಗೆ ಬಂತು. ಅಲ್ಲೇ ನಿಂತು ನಾಲ್ಕು ಸಲ ಎಣಿಸಿದೆ. ಶನಿವಾರ ಅಮಲ್ದಾರರು ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡೇ ಕೂತರು. ಪ್ರತಿ ರೀಲು ಬದಲಿಸುವಾಗಲೂ ಅವರ ಪೆನ್ಸಿಲು ಓಡುವುದು ಕ್ಯಾಬಿನ್ನಿನ ಕಿಂಡಿಯಿಂದ ಕಾಣಿಸುತ್ತಿತ್ತು. ಚೈನಿನ ಕೆಳಗಿನ ಎಳೆ ಅರ್ಧ ಬೆರಳು ಜೋಲುತ್ತಿತ್ತು. ರೀಲು ಬದಲಿಸುವ ಹೊತ್ತು ಬಿಟ್ಟರೆ ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ. ನೂರ ಎಪ್ಪತ್ತು ನಿಮಿಷ ಹಾಗೆ ನಿಲ್ಲುವುದು ನನ್ನ ಜೀವನದ ಅತಿ ಕಷ್ಟದ ಕೆಲಸ. ಮಂಗಳವಾದಾಗ ಅಮಲ್ದಾರರು ಗಡಿಯಾರವನ್ನು ಜೇಬಿಗೆ ಹಾಕಿ, "ಸರಿಯಾಗಿದೆ," ಎಂದರು. ಅವರ ತಾಯಿ, "ಇವತ್ತು ನಿಧಾನವಾಗಿ ಕಾಣಿಸ್ಕೊಂಡ," ಎಂದರು. ವಿದ್ವಾಂಸರು ನನ್ನ ಕಡೆ ಎರಡು ಬೆರಳು ತೋರಿಸಿ ಹೋದರು. ನಾಟಕದ ಮ್ಯಾನೇಜರು ಮರುದಿನ ಬೆಳಿಗ್ಗೆ ಬಯಲಿಗೆ ಬರಲಿಲ್ಲ.

ಅಲ್ಲಿಂದ ನನಗೆ ಹೊಸ ಚಿಂತೆ ಹತ್ತಿತು. ಬಯಲಿನ ಅವಧಿ ಮುಗಿಯುತ್ತಿದ್ದಂತೆ ಅಮಲ್ದಾರರು ತಾವಾಗಿ ಒಂದು ತಿಂಗಳು ಹೆಚ್ಚಿಗೆ ಕೊಟ್ಟರು. ಆಮೇಲೆ ಇನ್ನೊಂದು. ನನ್ನ ಇಡೀ ಕಸುಬಿನಲ್ಲಿ ಒಂದು ಊರಲ್ಲಿ ಅಷ್ಟು ದಿನ ನಿಂತದ್ದೇ ಇಲ್ಲ. ನೀರು ಬಿಟ್ಟು ಕೊಂಡುಕೊಂಡ ಅಲೆದಾಟ ಎಲ್ಲಿ? ಶುರುವಾಗದಿದ್ದರೆ ಒಟ್ಟಿಗೇ ಬರುತ್ತದೆಯೇ? ಬಡ್ಡಿ ಸೇರಿಸಿಕೊಂಡು ಬರುತ್ತದೆಯೇ? ದಿನಾ ಆಟಕ್ಕೆ ಮುಂಚೆ ಹಲ್ಲು ಎಣಿಸತೊಡಗಿದೆ. ಕೊನೆಗೆ ತಾಳಲಾರದೆ, ಆ ಕಡೆ ಹೋಗುತ್ತಿದ್ದವರ ಕೈಯಲ್ಲಿ ಆಚಾರ್ರಿಗೆ ಹೇಳಿಕಳುಹಿಸಿದೆ: ದೋಷ ತಟ್ಟುತ್ತಿಲ್ಲ, ಏನು ಮಾಡಲಿ?

ಒಂದು ಸಂಜೆ ಆಚಾರ್ರೇ ಬಂದುಬಿಟ್ಟರು, ಹೆಗಲಿಗೆ ಒಗೆದ ಟವಲು ಹಾಕಿಕೊಂಡು. ಕ್ಯಾಬಿನ್ನಿನೊಳಗೆ ಕೂತು, ನಿಂತ ಚಕ್ರಕ್ಕೆ ಬೆರಳಿಟ್ಟು ತಾವೇ ಎಣಿಸಿದರು. ಹದಿನಾರು. ಮೂರಲೆ ಗುಣಿಸಿ, ಎಂಟರಿಂದ ಭಾಗಿಸಿದರು. ಸೊನ್ನೆ.

"ಕಾಗೆಯೇ," ಎಂದರು. "ಲೆಕ್ಕದಾಗೆ ತಪ್ಪಿಲ್ಲ."

"ಮತ್ತೆ ಯಾಕೆ ಹಿಡೀಲಿಲ್ಲ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕಲ್ಲಿನೊಳಗೆ ಬಿರುಕು ಎಲ್ಲಿದೆ ಎಂದು ನೋಡುವಾಗಲೂ ಅವರು ಹಾಗೇ ನೋಡುತ್ತಿದ್ದರು.

"ದೋಷ ಬಂದು ನೆಮ್ಮದಿ ಕೆಡಿಸ್ಬೇಕಾದ್ರೆ ಮನುಷ್ಯನ ಹತ್ರ ಒಂದಿಷ್ಟಾದ್ರೂ ನೆಮ್ಮದಿ ಇರ್ಬೇಕು ಕಣಯ್ಯಾ. ಪಾಪ ಅದು ನಿನ್ನ ಮನೇಗೆ ಬಂದು, ಕೆಲ್ಸ ಇಲ್ಲ ಅಂತ ನೋಡಿ ವಾಪಸ್ ಹೋಗೈತೆ."

ಹಾಗೆಂದು ಮೇಲೆದ್ದು, ಮೊದಲ ಗಂಟೆಯಾಯಿತೇನೋ ಎಂದು ವಿಚಾರಿಸಿಕೊಂಡು, ಟವಲು ಹಾಸಿ ನೆಲದವರ ಮುಂದಿನ ಸಾಲಿನಲ್ಲಿ ಕೂತರು. ಆಟವೆಲ್ಲ ಮುಗಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: ಆ ದೇವರ ಮೂಗು ಅಳತೆ ತಪ್ಪಿದೆ.